ನಾಗರಭಾವಿಯ ಲಾ ಸ್ಕೂಲಿಗೆ ಯಾರು ಅರ್ಜಿ ಹಾಕುತ್ತಾರೆ: ಪ್ರವೇಶ ಪದ್ಧತಿಯ ಕುರಿತು ಒಂದು ಟಿಪ್ಪಣಿ

2020ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಯೂನಿವರ್ಸಿಟಿಯ ಪ್ರವೇಶ ವ್ಯವಸ್ಥೆಯ ಮೇಲೆ ಎರಡು ತೀರ್ಪುಗಳು ಬಂದವು. ಆ ವರ್ಷ ಲಾ ಸ್ಕೂಲ್ ತಾನೇ ಪ್ರತ್ಯೇಕವಾಗಿ ನಡೆಸಿದ್ದ ಎನ್‌ಎಲ್‌ಎಟಿ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 21ರಂದು ರದ್ದುಪಡಿಸಿ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಮೂಲಕವೇ ಸೀಟು ತುಂಬಬೇಕೆಂದು ಹೇಳಿತು. 28ರಂದು ಕ್ಲ್ಯಾಟ್ ನಡೆಯಿತು. ಮರುದಿನ, 29ರಂದು, ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25ರಷ್ಟು ಸೀಟು ಮೀಸಲಿಟ್ಟಿದ್ದ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಕರ್ನಾಟಕ ಹೈಕೋರ್ಟ್ ಅಸಿಂಧುಗೊಳಿಸಿತು.

ಎರಡೂ ಪ್ರಕರಣಗಳ ಬಗ್ಗೆ ಆಗ ಬಹಳ ಚರ್ಚೆಯಾಯಿತು. ಪರೀಕ್ಷೆ ಯಾರು ನಡೆಸಬೇಕು, ಮೀಸಲಾತಿ ಯಾರು ಕೊಡಬಹುದು ಎಂಬುದರ ಸುತ್ತಲೇ ಆ ಚರ್ಚೆ ತಿರುಗಿತು. ಅದಕ್ಕೂ ಹಿಂದಿನ ಒಂದು ಪ್ರಶ್ನೆ ಹಾಗೇ ಉಳಿಯಿತು: ಅರ್ಜಿ ಹಾಕುವ ಮಟ್ಟಕ್ಕೆ ಬಂದು ನಿಲ್ಲುವ ಮಕ್ಕಳು ಯಾರು, ಅವರನ್ನು ಅಲ್ಲಿಯವರೆಗೆ ತಲುಪಿಸುವ ಹೊಣೆ ಯಾರದು? ಪ್ರವೇಶದ ನಿಜವಾದ ಆಯ್ಕೆ ಪರೀಕ್ಷೆಯ ದಿನಕ್ಕಿಂತ ಬಹಳ ಮೊದಲೇ ಆಗಿಹೋಗಿರುತ್ತದೆ. ಪರೀಕ್ಷೆಯ ತಿಂಗಳು, ಭಾಷೆ, ಶುಲ್ಕ, ಸುದ್ದಿ ತಲುಪುವ ದಾರಿ, ಇವೆಲ್ಲ ಸೇರಿ ಆ ಆಯ್ಕೆಯನ್ನು ಮಾಡಿ ಮುಗಿಸಿರುತ್ತವೆ. ಈ ಟಿಪ್ಪಣಿ ಅದನ್ನು ತೋರಿಸಲು ಹೊರಟಿದೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಈಗಿರುವ ಕಾಲುಭಾಗದ ಮೀಸಲಾತಿಯನ್ನೂ ಇದೇ ದೃಷ್ಟಿಯಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಲಾ ಸ್ಕೂಲ್ ಹುಟ್ಟಿದ್ದು ಕರ್ನಾಟಕ ವಿಧಾನಮಂಡಲದ 1986ರ ಕಾಯ್ದೆಯಿಂದ. ಅದರ ಹಿಂದೆ ಭಾರತೀಯ ವಕೀಲರ ಪರಿಷತ್ತಿನ ಒತ್ತಾಸೆಯಿತ್ತು. ಎನ್.ಆರ್. ಮಾಧವ ಮೆನನ್ ಸ್ಥಾಪಕ ನಿರ್ದೇಶಕರು. 1988ರಲ್ಲಿ ಮೊದಲ ತಂಡದ ಪಾಠ ಶುರುವಾಯಿತು. ಆವರೆಗೆ ನಮ್ಮಲ್ಲಿ ಎಲ್‌ಎಲ್‌ಬಿ ಎಂದರೆ ಸಾಮಾನ್ಯವಾಗಿ ಒಂದು ಪದವಿ ಮುಗಿಸಿದ ಮೇಲಿನ ಓದು. ಎಷ್ಟೋ ಊರುಗಳಲ್ಲಿ ಸಂಜೆ ಕಾಲೇಜಿನಲ್ಲಿ, ನೌಕರಿಯ ಜೊತೆಜೊತೆಗೆ ನಡೆಯುವ ಓದು. ಪಿಯುಸಿ ಮುಗಿಸಿದ ಹದಿನೇಳು ಹದಿನೆಂಟರ ಮಕ್ಕಳನ್ನು ನೇರವಾಗಿ ಕಾನೂನಿಗೆ ಕರೆತರುವುದು, ಐದು ವರ್ಷ ಹಾಸ್ಟೆಲಿನಲ್ಲಿಟ್ಟು ಸಮಾಜವಿಜ್ಞಾನದೊಂದಿಗೆ ಕಾನೂನು ಕಲಿಸುವುದು ಈ ಹೊಸ ಶಾಲೆಯ ಯೋಜನೆ. ವೈದ್ಯಕೀಯ, ಎಂಜಿನಿಯರಿಂಗ್ ಕಡೆಗೆ ಮುಖಮಾಡಿದ್ದ ಮಕ್ಕಳೂ ಪೋಷಕರೂ ಈ ಕಡೆ ತಿರುಗಿ ನೋಡಬೇಕಿತ್ತು. ಅಂದರೆ ಆರಂಭದಲ್ಲಿ ಶಾಲೆಗೆ ತನ್ನ ಪರಿಚಯ ತಾನೇ ಮಾಡಿಕೊಳ್ಳುವ ಅಗತ್ಯವಿತ್ತು, ವಿದ್ಯಾರ್ಥಿಗಳನ್ನು ಹುಡುಕುವ ಕಾರಣವೂ ಇತ್ತು.

ಆ ಅಗತ್ಯ ಬಹುಬೇಗ ಮುಗಿಯಿತು. ಮೊದಲ ತಂಡಗಳ ಯಶಸ್ಸು ಶಾಲೆಯ ಹೆಸರನ್ನು ದೇಶದ ದೊಡ್ಡ ನಗರಗಳಿಗೆಲ್ಲ ಒಯ್ದಿತು. ಇದೇ ಮಾದರಿಯಲ್ಲಿ ಹೈದರಾಬಾದ್, ಭೋಪಾಲ್, ಕೋಲ್ಕತ್ತ, ಜೋಧಪುರ, ರಾಯಪುರ, ಗಾಂಧಿನಗರಗಳಲ್ಲಿ ಶಾಲೆಗಳು ಎದ್ದವು. ಒಂದೊಂದಕ್ಕೂ ಒಂದೊಂದು ಪ್ರವೇಶ ಪರೀಕ್ಷೆ, ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ, ಕೆಲವೊಮ್ಮೆ ಒಂದರ ಮೇಲೊಂದು ಬೀಳುವ ದಿನಾಂಕಗಳು. ಈ ತೊಂದರೆಯನ್ನು ಎತ್ತಿಕೊಂಡು 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2007ರ ನವೆಂಬರಿನಲ್ಲಿ ಏಳು ವಿಶ್ವವಿದ್ಯಾಲಯಗಳು ಒಪ್ಪಂದಕ್ಕೆ ಬಂದವು. 2008ರಲ್ಲಿ ಮೊದಲ ಕ್ಲ್ಯಾಟ್ ನಡೆಯಿತು. ಅದನ್ನು ನಡೆಸಿದ್ದು ಬೆಂಗಳೂರಿನ ಶಾಲೆಯೇ.

ಸಾಮಾನ್ಯ ಪರೀಕ್ಷೆಯಿಂದ ವಿದ್ಯಾರ್ಥಿಗೆ ಆದ ಅನುಕೂಲ ಸಣ್ಣದಲ್ಲ. ಒಂದು ಅರ್ಜಿ, ಒಂದು ದಿನ, ಒಂದು ರ‍್ಯಾಂಕು. ಆದರೆ ಶಾಲೆಗೂ ಅರ್ಜಿದಾರರಿಗೂ ಇದ್ದ ನೇರ ಸಂಬಂಧ ಅಲ್ಲಿಗೆ ಕಡಿಯಿತು. ಈಗ ಪದವಿಯ ಕ್ಲ್ಯಾಟ್ ಬರೆಯುವವರು ಐವತ್ತು ಸಾವಿರಕ್ಕೂ ಹೆಚ್ಚು. ಎನ್‌ಐಆರ್‌ಎಫ್ ರಾಷ್ಟ್ರೀಯ ರ‍್ಯಾಂಕಿಂಗ್‌ನ ಕಾನೂನು ವಿಭಾಗದಲ್ಲಿ 2018ರಿಂದ ಮೊದಲ ಸ್ಥಾನದಲ್ಲಿರುವ ಬೆಂಗಳೂರಿನ ಶಾಲೆಯನ್ನು ಆ ಪಟ್ಟಿಯ ತುದಿಯಲ್ಲಿರುವವರು ತಾವಾಗಿಯೇ ಆರಿಸಿಕೊಳ್ಳುತ್ತಾರೆ. ಸೀಟು ಖಾಲಿ ಉಳಿಯುವ ಭಯವಿಲ್ಲದ ಸಂಸ್ಥೆಗೆ ಹುಡುಕುವ ಒತ್ತಡವೂ ಇರುವುದಿಲ್ಲ. ಇದು ಯಾರೋ ಒಬ್ಬರ ಉದಾಸೀನ ಅಲ್ಲ, ವ್ಯವಸ್ಥೆಯೇ ಹಾಗೆ ರೂಪುಗೊಂಡಿದೆ. ಸಂಸ್ಥೆ ಯಾರನ್ನೂ ಹೊರಗಿಡಲು ತೀರ್ಮಾನಿಸಬೇಕಿಲ್ಲ; ಪಟ್ಟಿ ಮೇಲಿನಿಂದ ತುಂಬುತ್ತ ಬಂದರೆ ಸಾಕು.

ಆ ಪಟ್ಟಿಯ ತುದಿ ತಲುಪುವ ದಾರಿಯನ್ನು ಸ್ವಲ್ಪ ವಿವರವಾಗಿ ನೋಡೋಣ. 2022ರ ಜೂನ್‌ವರೆಗೂ ಕ್ಲ್ಯಾಟ್ ಬೇಸಿಗೆ ಆಸುಪಾಸಿನ ಪರೀಕ್ಷೆಯಾಗಿತ್ತು. ಕೋವಿಡ್ ವರ್ಷಗಳಲ್ಲಿ ಮಾತ್ರ ಮುಂದೆ ಸರಿದಿತ್ತು. ಅದೇ 2022ರ ಡಿಸೆಂಬರಿನಿಂದ ಮುಂದಿನ ವರ್ಷದ ಪ್ರವೇಶಕ್ಕಾಗಿ ಹಿಂದಿನ ಡಿಸೆಂಬರಿನಲ್ಲೇ ಪರೀಕ್ಷೆ ನಡೆಯತೊಡಗಿತು. 2024ರ ಪ್ರವೇಶದ ಪರೀಕ್ಷೆ 2023ರ ಡಿಸೆಂಬರ್ 3ರಂದು ನಡೆಯಿತು. ಅದರ ಅರ್ಜಿ ಜುಲೈ 1ಕ್ಕೇ ತೆರೆದಿತ್ತು. ನಮ್ಮ ದ್ವಿತೀಯ ಪಿಯುಸಿಯ ಲೆಕ್ಕದಲ್ಲಿ ಇದರ ಅರ್ಥವೇನು? ಜೂನಿನಲ್ಲಿ ತರಗತಿ ಶುರುವಾಗಿ, ಪಠ್ಯಪುಸ್ತಕ ಕೈಗೆ ಬರುವ ಹೊತ್ತಿಗೆ ಅರ್ಜಿ ಕರೆದಾಗಿರುತ್ತದೆ. ಮಾರ್ಚಿನ ಬೋರ್ಡ್ ಪರೀಕ್ಷೆಗೆ ಎರಡು ತಿಂಗಳಿಗೂ ಹೆಚ್ಚು ಇರುವಾಗಲೇ ಪ್ರವೇಶದ ಫಲಿತಾಂಶವೂ ಹೊರಬಿದ್ದಿರುತ್ತದೆ. ಹಾವೇರಿ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜಿನ ಕಲಾ ವಿಭಾಗದ ಹುಡುಗಿಯೊಬ್ಬಳು ‘ಪಿಯುಸಿ ಮುಗೀಲಿ, ಆಮೇಲೆ ಏನು ಓದೋದು ಅಂತ ನೋಡೋಣ’ ಎಂದುಕೊಂಡರೆ ಆ ವರ್ಷ ಲಾ ಸ್ಕೂಲಿನ ಐದು ವರ್ಷದ ಕೋರ್ಸು ಅವಳ ಪಾಲಿಗೆ ಮುಗಿದ ಕಥೆ. ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸುದ್ದಿ ಹಾಗಲ್ಲ. ಅದು ಏಪ್ರಿಲ್ ಆಸುಪಾಸಿಗೆ, ಬೋರ್ಡ್ ಪರೀಕ್ಷೆಯ ಬೆನ್ನಿಗೇ ಬರುತ್ತದೆ. ಕಾಲೇಜಿನ ಉಪನ್ಯಾಸಕರಿಗೆ ಅದರ ಎಲ್ಲ ಹಂತಗಳೂ ಗೊತ್ತು. ನೋಟಿಸ್ ಬೋರ್ಡಿನಲ್ಲಿ ಅದರ ಪ್ರಕಟಣೆ ಇರುತ್ತದೆ.

ಮೊದಲೇ ಪರೀಕ್ಷೆ ನಡೆಸುವುದಕ್ಕೆ ಕಾರಣಗಳಿಲ್ಲದೆ ಇಲ್ಲ. ಕೌನ್ಸೆಲಿಂಗ್ ಸಾವಕಾಶವಾಗಿ ಮುಗಿಯುತ್ತದೆ, ಶೈಕ್ಷಣಿಕ ವರ್ಷ ಸಕಾಲಕ್ಕೆ ಶುರುವಾಗುತ್ತದೆ. ಆದರೆ ಈ ಅನುಕೂಲದ ಬೆಲೆ ತೆರುವವರು ಯಾರೆಂದು ಕೇಳಬೇಕು. ಒಂಬತ್ತು, ಹತ್ತನೇ ತರಗತಿಯಿಂದಲೇ ಕ್ಲ್ಯಾಟ್ ಕೋಚಿಂಗ್‌ಗೆ ಸೇರಿದ ಮಗುವಿಗೆ ಡಿಸೆಂಬರಾದರೂ ಒಂದೇ, ಮೇ ಆದರೂ ಒಂದೇ. ತಡವಾಗಿ ಸುದ್ದಿ ತಿಳಿಯುವ ಮಗುವಿಗೆ ಮಾತ್ರ ಆ ಐದಾರು ತಿಂಗಳು ಕಳೆದುಹೋದವು.

ಎರಡನೆಯದು ಶುಲ್ಕ. ಅರ್ಜಿಗೆ ಸಾಮಾನ್ಯ ವರ್ಗದವರು 4,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನವರು 3,500 ರೂಪಾಯಿ ಕಟ್ಟಬೇಕು. ಸೀಟು ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಪರೀಕ್ಷೆಗೆ ಕೂಲಿ ಕುಟುಂಬವೊಂದು ಕಟ್ಟಬೇಕಾದ ಹಣ ಇದು. ರಿಯಾಯಿತಿ 500 ರೂಪಾಯಿ ಮಾತ್ರ ಎಂಬುದನ್ನು ಗಮನಿಸಬೇಕು. ರ‍್ಯಾಂಕು ಬಂದ ಮೇಲೆ ಕೌನ್ಸೆಲಿಂಗ್‌ಗೆ ಹೆಸರು ನೋಂದಾಯಿಸಲು ಮತ್ತೆ ಮುಂಗಡ. ಕೆಲವು ವರ್ಷ ಅದು 50,000 ರೂಪಾಯಿ ಇತ್ತು. ಆಕ್ಷೇಪಗಳ ನಂತರ 2022ರ ಪ್ರವೇಶಕ್ಕೆ 30,000ಕ್ಕೆ, ಮೀಸಲು ವರ್ಗಗಳಿಗೆ 20,000ಕ್ಕೆ ಇಳಿಯಿತು. ಈ ಹಣ ಮುಂದೆ ಕೋರ್ಸಿನ ಶುಲ್ಕಕ್ಕೆ ಜಮೆಯಾಗುತ್ತದೆ, ನಿಜ. ಆದರೆ ಕೆಲವೇ ದಿನಗಳೊಳಗೆ ಇಷ್ಟನ್ನು ಹೊಂದಿಸಲಾಗದವರಿಗೆ ಆ ಭರವಸೆಯಿಂದ ಉಪಯೋಗವಿಲ್ಲ. ಶಾಲೆ ಸೇರಿದ ಮೇಲೆ ವಿದ್ಯಾರ್ಥಿವೇತನ, ಶುಲ್ಕ ನೆರವು ಇವೆಲ್ಲ ಇವೆ. ನೆರವು ಶುರುವಾಗುವುದು ಬಾಗಿಲು ದಾಟಿದ ಮೇಲೆ, ಖರ್ಚು ಶುರುವಾಗುವುದು ಬಾಗಿಲಿಗೆ ಬಹಳ ಮುಂಚೆ. 2020ರಲ್ಲಿ ಲಾ ಸ್ಕೂಲ್ ತನ್ನ ಪ್ರತ್ಯೇಕ ಪರೀಕ್ಷೆಗೆ ಇಟ್ಟ ಶುಲ್ಕ 150 ರೂಪಾಯಿ. ಆ ಪರೀಕ್ಷೆಯನ್ನು ಮನೆಯಲ್ಲೇ ಕೂತು, ಕ್ಯಾಮೆರಾ ಕಾವಲಿನಲ್ಲಿ, ಇಂಟರ್ನೆಟ್ ಮೂಲಕ ಬರೆಯಬೇಕಿದ್ದುದರಿಂದ ಅದು ಬೇರೊಂದು ಗುಂಪನ್ನು ಹೊರಗಿಟ್ಟಿತು. ಸುಪ್ರೀಂ ಕೋರ್ಟ್ ಅದರ ಪಾರದರ್ಶಕತೆಯ ಕೊರತೆಯನ್ನೂ ವಿದ್ಯಾರ್ಥಿಗಳಿಗೆ ಆಗುವ ಅನ್ಯಾಯವನ್ನೂ ಗುರುತಿಸಿ ರದ್ದುಮಾಡಿದ್ದು ಸರಿಯೇ. ಆದರೂ ಶುಲ್ಕದ ಮಟ್ಟಿಗೆ ಆ ಪ್ರಸಂಗ ಒಂದು ವಿಷಯವನ್ನು ಸ್ಪಷ್ಟಪಡಿಸಿತು: ಅರ್ಜಿ ಇಷ್ಟು ದುಬಾರಿ ಇರಲೇಬೇಕೆಂಬ ನಿಯಮ ಎಲ್ಲೂ ಇಲ್ಲ.

ಭಾಷೆಯ ವಿಷಯ ಹೆಚ್ಚು ಗಂಭೀರ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. 2020ರಲ್ಲಿ ಪ್ರಶ್ನೆಪತ್ರಿಕೆಯ ಸ್ವರೂಪ ಬದಲಾಗಿ, ಪ್ರತಿ ವಿಭಾಗವೂ ಗದ್ಯಭಾಗ ಓದಿ ಉತ್ತರಿಸುವ ಕ್ರಮಕ್ಕೆ ಬಂತು. ಈಗಿನ ಪತ್ರಿಕೆಯಲ್ಲಿ ಎರಡು ಗಂಟೆಗೆ 120 ಪ್ರಶ್ನೆ. ಗದ್ಯಭಾಗಗಳು ಸುಮಾರು 450 ಪದಗಳಷ್ಟು ಉದ್ದ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಓದುವ ಸಮಯವೂ ಸೇರಿ ಒಂದು ಪ್ರಶ್ನೆಗೆ ಒಂದು ನಿಮಿಷ. ಬಾಯಿಪಾಠ ಕಡಿಮೆ ಮಾಡಿ ಗ್ರಹಿಕೆಯನ್ನು ಅಳೆಯುವುದು ಈ ಬದಲಾವಣೆಯ ಉದ್ದೇಶ. ಕಾನೂನಿನ ಪೂರ್ವಜ್ಞಾನ ಬೇಡ ಎಂಬುದೂ ಒಳ್ಳೆಯ ತತ್ವ. ಆದರೆ ಇಲ್ಲಿ ಅಳೆಯಲ್ಪಡುವುದು ಇಂಗ್ಲಿಷಿನಲ್ಲಿ ವೇಗವಾಗಿ ಓದುವ ಅಭ್ಯಾಸ. ಅದು ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಬರುವ, ಶಾಲೆಯಲ್ಲಿ ಹನ್ನೆರಡು ವರ್ಷ ಇಂಗ್ಲಿಷಿನಲ್ಲೇ ಓದಿದ ಮಗುವಿಗೆ ತಾನಾಗಿ ಬಂದಿರುತ್ತದೆ. ತರ್ಕ ಚುರುಕಾಗಿದ್ದು ಓದು ನಿಧಾನವಾಗಿರುವ ಮಗು ಇಲ್ಲಿ ಸೋಲುತ್ತದೆ, ಮತ್ತು ಆ ಸೋಲು ದಾಖಲೆಯಲ್ಲಿ ‘ಕಾನೂನು ತರ್ಕದಲ್ಲಿ ಕಡಿಮೆ ಅಂಕ’ ಎಂದೇ ಉಳಿಯುತ್ತದೆ.

ಪಾಠ ಇಂಗ್ಲಿಷಿನಲ್ಲಿರುವಾಗ ಪರೀಕ್ಷೆಯೂ ಇಂಗ್ಲಿಷಿನಲ್ಲಿರುವುದು ಸಹಜವಲ್ಲವೇ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ವೈದ್ಯಕೀಯ ಪಾಠವೂ ಇಂಗ್ಲಿಷಿನಲ್ಲೇ ಇದೆ. ಅದರ ಪ್ರವೇಶ ಪರೀಕ್ಷೆಯಾದ ನೀಟ್ ಮಾತ್ರ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿಯೂ ಹಾಗೆಯೇ. ನೀಟ್ ಅನ್ನು ಕನ್ನಡದಲ್ಲಿ ಬರೆಯುವವರು ಬಹಳ ಕಡಿಮೆ ಎಂದು ಯಾರಾದರೂ ಹೇಳಬಹುದು. ಹೌದು, ಕಡಿಮೆ. ಅದಕ್ಕೆ ಕಾರಣವಿದೆ: ನಮ್ಮಲ್ಲಿ ಪಿಯುಸಿ ವಿಜ್ಞಾನ ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದ್ದು. ಕಾನೂನಿಗೆ ಬರಬಹುದಾದ ಮಕ್ಕಳ ಗುಂಪೇ ಬೇರೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದುವ ಸರ್ಕಾರಿ ಕಾಲೇಜುಗಳ ಕಲಾ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಉತ್ತರ ಬರೆಯುವುದು ಕನ್ನಡದಲ್ಲಿ. ಸಂವಿಧಾನವನ್ನು ಒಂದು ವಿಷಯವಾಗಿ ಓದಿರುವ ಈ ಮಕ್ಕಳೇ ಕಾನೂನಿನ ಓದಿಗೆ ಹತ್ತಿರದವರು, ಮತ್ತು ಅವರೇ ಕ್ಲ್ಯಾಟ್‌ಗೆ ಎಲ್ಲರಿಗಿಂತ ದೂರದಲ್ಲಿದ್ದಾರೆ. ಈ ವೈಪರೀತ್ಯವೇ ನನ್ನನ್ನು ಹೆಚ್ಚು ಕಾಡುವುದು.

ಇದೇ ವೃತ್ತಿಯ ಇನ್ನೊಂದು ತುದಿಯನ್ನು ನೋಡಿದರೆ ಚಿತ್ರ ಬೇರೆ. ಪದವಿ ಮುಗಿಸಿ ವಕೀಲಿಕೆ ಮಾಡಲು ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳ ಭಾಷೆ ಕನ್ನಡ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳು ಐದು ವರ್ಷದ ಕೋರ್ಸಿಗೂ ಪಿಯುಸಿ ಅಂಕದ ಮೇಲೆ ಸೇರಿಸಿಕೊಳ್ಳುತ್ತವೆ. ಅಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆದು ವಕೀಲರಾದವರು ಊರೂರಲ್ಲಿದ್ದಾರೆ. ಕ್ಲ್ಯಾಟ್ ಅನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ನಡೆಸಬೇಕೆಂಬ ಬೇಡಿಕೆ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಪೂರ್ಣ ಪತ್ರಿಕೆಯನ್ನು ಅನುವಾದಿಸುವುದು ಸುಲಭವಲ್ಲ, ಗದ್ಯಭಾಗಗಳ ಅನುವಾದದಲ್ಲಿ ಅರ್ಥ ಒಂದಿಷ್ಟು ಜಾರಿದರೂ ಉತ್ತರ ಬದಲಾಗಬಹುದು. ಇಂಗ್ಲಿಷ್ ವಿಭಾಗವೊಂದನ್ನು ಹಾಗೇ ಉಳಿಸಿ ಉಳಿದ ನಾಲ್ಕನ್ನು ವಿದ್ಯಾರ್ಥಿಯ ಭಾಷೆಯಲ್ಲಿ ಕೊಡುವುದು ಕಾರ್ಯಸಾಧ್ಯವೆಂದು ನನಗೆ ತೋರುತ್ತದೆ. ಆಗ ಇಂಗ್ಲಿಷ್ ಎಷ್ಟು ಬರುತ್ತದೆ, ತರ್ಕ ಎಷ್ಟು ಬರುತ್ತದೆ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ.

ಹಾಗಾದರೆ ಈ ಪರೀಕ್ಷೆಯ ಮೂಲಕ ಒಳಗೆ ಬಂದವರು ಯಾರು? ಇದಕ್ಕೆ ಉತ್ತರ ಹುಡುಕಿದ್ದು ಲಾ ಸ್ಕೂಲಿನ ವಿದ್ಯಾರ್ಥಿಗಳೇ. 2015-16ರಲ್ಲಿ ಅವರು ತಮ್ಮ ಸಹಪಾಠಿಗಳ ಹಿನ್ನೆಲೆಯ ಗಣತಿ ನಡೆಸಿ ‘ದಿ ಎಲ್ಯೂಸಿವ್ ಐಲ್ಯಾಂಡ್ ಆಫ್ ಎಕ್ಸಲೆನ್ಸ್’ ಎಂಬ ವರದಿ ಪ್ರಕಟಿಸಿದರು. ನಗರದ, ಇಂಗ್ಲಿಷ್ ಮಾಧ್ಯಮದ, ಮೇಲ್ಜಾತಿಗಳ, ಅನುಕೂಲಸ್ಥ ಮನೆಗಳ ಮಕ್ಕಳೇ ಪ್ರಧಾನವಾಗಿರುವುದು ಅದರಲ್ಲಿ ದಾಖಲಾಯಿತು. ತಾವು ಓದುತ್ತಿರುವ ಸಂಸ್ಥೆಯ ಬಗ್ಗೆ ಇಪ್ಪತ್ತರ ಹರೆಯದವರು ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೋಲಿಕೆಗಳು ಹೆಚ್ಚಿಲ್ಲ.

ಹುಡುಕುವ ಕೆಲಸ ಸಾಧ್ಯವೇ ಇಲ್ಲ ಎನ್ನುವವರಿಗೆ ಐಡಿಯಾ ಎಂಬ ಸಂಸ್ಥೆ ಉತ್ತರ. ಲಾ ಸ್ಕೂಲಿನ ಹಳೆಯ ವಿದ್ಯಾರ್ಥಿ, ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಶಮ್ನಾದ್ ಬಷೀರ್ 2010ರಲ್ಲಿ ಅದನ್ನು ಆರಂಭಿಸಿದರು. ಕಾನೂನು ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಹಳ್ಳಿ, ಸಣ್ಣ ಪಟ್ಟಣಗಳ ಶಾಲೆಗಳಿಗೆ ಹೋಗುತ್ತಾರೆ; ಕಾನೂನು ಓದು ಎಂದರೇನು, ಅದರಿಂದ ಏನಾಗಬಹುದು ಎಂದು ಹೇಳುತ್ತಾರೆ; ಒಂದು ಚಿಕ್ಕ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸುತ್ತಾರೆ; ತರಬೇತಿ ಕೊಡಿಸಿ, ಅರ್ಜಿ ತುಂಬಿಸಿ, ಸೀಟು ಸಿಕ್ಕ ಮೇಲೆ ಶುಲ್ಕಕ್ಕೆ ದಾರಿ ಹುಡುಕಿ, ಐದು ವರ್ಷ ಬೆನ್ನಿಗೆ ನಿಲ್ಲುತ್ತಾರೆ. ಹೀಗೆ ಬಂದವರಲ್ಲಿ ಅಂಧ ವಿದ್ಯಾರ್ಥಿಗಳಿದ್ದಾರೆ, ಕೃಷಿಕೂಲಿಗಳ ಮಕ್ಕಳಿದ್ದಾರೆ. ಕ್ಲ್ಯಾಟ್ ನಡೆಸಲು ಒಂದು ಕಾಯಂ ಸಂಸ್ಥೆ ಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರೂ ಬಷೀರರೇ. ಈಗ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳ ಒಕ್ಕೂಟ 2017ರಲ್ಲಿ ರಚನೆಯಾಯಿತು. 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಬಷೀರ್ ಅಕಾಲ ಮರಣಕ್ಕೆ ಈಡಾದರು. ಅವರ ಕೆಲಸದಿಂದ ಕಲಿಯಬೇಕಾದ್ದು ಬಹಳ ಸರಳ: ಹುಡುಕಾಟ ಪರೀಕ್ಷೆಗೆ ಎರಡು ವರ್ಷ ಮೊದಲೇ ಶುರುವಾಗಬೇಕು, ಮತ್ತು ಅದು ಒಬ್ಬ ಮನುಷ್ಯ ಇನ್ನೊಬ್ಬನ ಬಳಿ ಹೋಗಿ ಮಾಡುವ ಕೆಲಸ. ಸ್ವಯಂಸೇವಕರು ಮಾಡುತ್ತಿರುವ ಇದನ್ನು ಸಾರ್ವಜನಿಕ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ತನ್ನ ಪ್ರವೇಶ ಕಚೇರಿಯ ಕೆಲಸವೆಂದು ಏಕೆ ಭಾವಿಸಬಾರದು?

ಈಗ ಕರ್ನಾಟಕದ ಮೀಸಲಾತಿಗೆ ಬರೋಣ. 2020ರ ತಿದ್ದುಪಡಿ ಕಾಯ್ದೆಯನ್ನು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ರವಿ ಹೊಸಮನಿ ಅವರ ಪೀಠ ರದ್ದುಮಾಡಿದ್ದಕ್ಕೆ ಒಂದು ಮುಖ್ಯ ಕಾರಣ, ಇಂಥ ಮೀಸಲಾತಿ ತರುವ ಅಧಿಕಾರ ಶಾಲೆಯ ಕಾರ್ಯಕಾರಿ ಮಂಡಳಿಯದು, ರಾಜ್ಯದ್ದಲ್ಲ ಎಂಬುದು. ಅದಾದ ಮರುವರ್ಷ ಶಾಲೆ ತಾನೇ 2021-25ರ ಒಳಗೊಳ್ಳುವಿಕೆ ಮತ್ತು ವಿಸ್ತರಣೆಯ ಯೋಜನೆ ತಂದಿತು. ಇತರೆ ಹಿಂದುಳಿದ ವರ್ಗಗಳಿಗೆ ಶೇ. 27, ಆರ್ಥಿಕವಾಗಿ ದುರ್ಬಲರಿಗೆ ಶೇ. 10, ಮಹಿಳೆಯರಿಗೆ ಶೇ. 30, ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಎಂದು ನಿಗದಿಯಾಯಿತು. ಕೊನೆಯೆರಡೂ ಸಮತಳ ಮೀಸಲಾತಿ. ಕರ್ನಾಟಕದ ಪಾಲು ಪ್ರತಿ ವರ್ಗದೊಳಗೂ ಅನ್ವಯವಾಗುತ್ತದೆ. ಸಾಮಾನ್ಯ ಸೀಟುಗಳಲ್ಲೂ ಕಾಲುಭಾಗ, ಪರಿಶಿಷ್ಟ ಜಾತಿಯ ಸೀಟುಗಳಲ್ಲೂ ಕಾಲುಭಾಗ. ಜೊತೆಗೆ ಸೀಟುಗಳೂ ಏರಿದವು. ಬಹುಕಾಲ 80 ಇದ್ದದ್ದು 2020ರಲ್ಲಿ 120 ಆಗಿತ್ತು; ಮುಂದೆ 180, 240 ಎಂದು ಹೆಚ್ಚಿತು. ಇದು ನಿಜವಾದ ಬದಲಾವಣೆ, ಸ್ವಾಗತಾರ್ಹ ಬದಲಾವಣೆ.

ಆದರೆ ‘ಕರ್ನಾಟಕದ ವಿದ್ಯಾರ್ಥಿ’ ಯಾರು? ತಿದ್ದುಪಡಿ ಕಾಯ್ದೆ ಹೇಳಿದ್ದು: ಅರ್ಹತಾ ಪರೀಕ್ಷೆಗೆ ಹಿಂದಿನ ಕನಿಷ್ಠ ಹತ್ತು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರುವವರು. ಶಾಲೆಯ ಮೀಸಲಾತಿಯೂ ಅನುಸರಿಸುವ ಈ ಹತ್ತು ವರ್ಷದ ಮಾನದಂಡ ಹುಟ್ಟಿದೂರು, ಮಾತೃಭಾಷೆ ಯಾವುದನ್ನೂ ಕೇಳುವುದಿಲ್ಲ. ಹಾಗೆ ಕೇಳದಿರುವುದೇ ಸರಿ. ಆದರೆ ಅದು ಇಂದಿರಾನಗರದ ಅಂತಾರಾಷ್ಟ್ರೀಯ ಶಾಲೆಗೂ ಮಸ್ಕಿಯ ಸರ್ಕಾರಿ ಪ್ರೌಢಶಾಲೆಗೂ ವ್ಯತ್ಯಾಸ ಮಾಡುವುದಿಲ್ಲ. ಪರೀಕ್ಷೆ ಅದೇ, ಭಾಷೆ ಅದೇ, ಡಿಸೆಂಬರ್ ಅದೇ ಇರುವಾಗ ಆ ಕಾಲುಭಾಗವನ್ನು ಮೊದಲು ತುಂಬುವವರು ಬೆಂಗಳೂರಿನ ಮಕ್ಕಳು ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಅವರೂ ಈ ರಾಜ್ಯದ ಮಕ್ಕಳೇ, ಅವರ ಬಗ್ಗೆ ಆಕ್ಷೇಪವಿಲ್ಲ. ರಾಜ್ಯದ ಹೆಸರಿನಲ್ಲಿ ಬಂದ ಪಾಲು ರಾಜ್ಯದ ಒಂದು ನಗರಕ್ಕೇ ನಿಲ್ಲಬಾರದು ಎಂಬುದಷ್ಟೇ ಕಾಳಜಿ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ನಮ್ಮ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸಮತಳ ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರುವುದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲು ರುಜು ಹಾಕಿದ ವ್ಯಾಸಂಗ ಪ್ರಮಾಣಪತ್ರ ಸಾಕು. ಇದನ್ನು ಪರಿಶೀಲಿಸುವ ಪದ್ಧತಿ, ಅದಕ್ಕೆ ಒಗ್ಗಿದ ಕಚೇರಿಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಕಾರ್ಯಕಾರಿ ಮಂಡಳಿ ತಾನೇ ಕೊಟ್ಟ ಶೇ. 25ರೊಳಗೆ ಇಂಥ ಒಳಪಾಲನ್ನು ತರುವುದಕ್ಕೆ ಹೈಕೋರ್ಟಿನ ತೀರ್ಪು ಅಡ್ಡಬರುವಂತೆ ನನಗೆ ಕಾಣುವುದಿಲ್ಲ. ಅಧಿಕಾರ ಮಂಡಳಿಯದೇ ಎಂದು ಹೇಳಿದ್ದೇ ಆ ತೀರ್ಪು.

ಮೀಸಲಾತಿಯ ಹೊರಗೂ ಶಾಲೆಗೆ ಸ್ವಾತಂತ್ರ್ಯವಿದೆ ಎಂಬುದಕ್ಕೆ ಅದರ ಇತ್ತೀಚಿನ ನಡೆಯೇ ಸಾಕ್ಷಿ. 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಆರಂಭವಾದಾಗ ಅದಕ್ಕೆ ಕ್ಲ್ಯಾಟ್ ಬಳಸಲಿಲ್ಲ. ಎನ್‌ಎಲ್‌ಎಸ್‌ಎಟಿ ಎಂಬ ಸ್ವಂತ ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಜೊತೆ ಬರೆದು ಉತ್ತರಿಸುವ ಭಾಗವನ್ನೂ ಇಟ್ಟಿತು. ಬರವಣಿಗೆಯಲ್ಲಿ ವಿದ್ಯಾರ್ಥಿಯ ಯೋಚನೆಯ ದಾರಿ ಕಾಣುತ್ತದೆ. ಮಸಿ ತುಂಬಿದ ವೃತ್ತದಲ್ಲಿ ಅದು ಕಾಣುವುದಿಲ್ಲ. ಪದವಿ ಮುಗಿಸಿದವರಿಗೆ ಕೊಡುವ ಈ ಅವಕಾಶದಲ್ಲಿ ಹಾಸನ, ಬಳ್ಳಾರಿ, ಬೀದರಿನ ಸರ್ಕಾರಿ ಪದವಿ ಕಾಲೇಜುಗಳ ಬಿಎ ವಿದ್ಯಾರ್ಥಿಗಳನ್ನು ಗುರಿಯಾಗಿಟ್ಟು ಕಾಲೇಜುಗಳಿಗೇ ಹೋಗಿ ಪರಿಚಯಿಸುವ ಕೆಲಸ ಮಾಡಬಹುದು. ಪಿಯುಸಿಯ ಡಿಸೆಂಬರ್ ತಪ್ಪಿಹೋದವರಿಗೆ ಅದು ಎರಡನೆಯ ಬಾಗಿಲಾಗುತ್ತದೆ.

ಇದಕ್ಕೆಲ್ಲ ಬೇಕಾದ ಮಾಹಿತಿ ದೂರದಲ್ಲಿಲ್ಲ. ಹತ್ತು ವರ್ಷದ ಓದನ್ನು ರುಜುವಾತುಪಡಿಸಲು ವಿದ್ಯಾರ್ಥಿ ಸಲ್ಲಿಸುವ ಕಾಗದಗಳಲ್ಲಿ ಯಾವ ಶಾಲೆ, ಯಾವ ಊರು ಎಂಬುದು ಬಂದೇ ಬರುತ್ತದೆ. ಅರ್ಜಿಯಲ್ಲಿ ಮಾಧ್ಯಮದ ಒಂದು ಸಾಲು ಸೇರಿಸಿದರೆ ಚಿತ್ರ ಪೂರ್ತಿ. ಹೆಸರುಗಳನ್ನು ಬಿಟ್ಟು, ಕರ್ನಾಟಕದ ಸೀಟುಗಳಿಗೆ ಬಂದವರ ಜಿಲ್ಲೆ, ತಾಲ್ಲೂಕು, ಶಾಲೆಯ ಬಗೆ, ಮಾಧ್ಯಮಗಳನ್ನು ಕೋಷ್ಟಕವಾಗಿ ಪ್ರತಿ ಜುಲೈನಲ್ಲಿ ಪ್ರಕಟಿಸುವುದು ಒಬ್ಬ ಗುಮಾಸ್ತರ ಕೆಲವು ದಿನಗಳ ಕೆಲಸ. ಅರ್ಜಿಯೇ ಬಾರದ ತಾಲ್ಲೂಕುಗಳ ಹೆಸರು ಅದರಲ್ಲಿ ಮೊದಲು ಕಾಣುತ್ತದೆ, ಮುಂದಿನ ವರ್ಷದ ಭೇಟಿಗಳನ್ನು ಅಲ್ಲಿಂದಲೇ ಶುರುಮಾಡಬಹುದು.